ಅವರ್ ಬ್ಲೂಸ್: ಓಕ್‌ದೊಂಗ್ ಅಜ್ಜಿಗೂ ಡಿಪ್ರೆಶನ್ ಇತ್ತು ಅಲ್ವಾ?

ಮಲೆನಾಡ ಮಳೆ | ಶನಿವಾರ ರಾತ್ರಿ 10:20

ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಎಪಿಸೋಡ್‌ವರೆಗಿನ ಕಥೆ ಇಲ್ಲಿ ಬರುತ್ತದೆ. ಆತ್ಮಹತ್ಯೆಯ ಮಾತೂ ಬರುತ್ತದೆ. ಇನ್ನೂ ನೋಡದವರು ನೋಡಿಕೊಂಡು ಬನ್ನಿ.

'ಅವರ್ ಬ್ಲೂಸ್' ಅನ್ನುವ ಕೊರಿಯನ್ ಧಾರಾವಾಹಿ 2022ರಲ್ಲಿ ಬಂದಾಗ ನಾನು ಅರ್ಧಕ್ಕೇ ಬಿಟ್ಟಿದ್ದೆ. ಆಗ ನನ್ನ ತಂಗಿಗೆ ಹೆರಿಗೆಯಾಗಿ ಡಿಪ್ರೆಶನ್ ಶುರುವಾಗಿತ್ತು. ಮನೆಯಲ್ಲಿ ನೋಡುವುದೇ ಸಾಕಾಗಿತ್ತು. ಟಿವಿಯಲ್ಲೂ ಅದನ್ನೇ ನೋಡುವ ಶಕ್ತಿ ಇರಲಿಲ್ಲ. ತಂಗಿ ಈಗ ಆರಾಮಾಗಿದ್ದಾಳೆ. ಹಾಗಾಗಿ ಧೈರ್ಯ ಮಾಡಿ ಎರಡು ವಾರದಲ್ಲಿ 20 ಎಪಿಸೋಡ್ ಮುಗಿಸಿದೆ.

ದಕ್ಷಿಣ ಕೊರಿಯಾದ ಜೇಜು ದ್ವೀಪದ ಒಂದು ಮೀನುಗಾರರ ಊರು. ಅಲ್ಲಿನ ಹತ್ತು ಹನ್ನೆರಡು ಜನರ ಕಥೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಸೊನಾ (ಶಿನ್ ಮಿನಾ) ರಾಜಧಾನಿ ಸೋಲ್‌ನಲ್ಲಿ ಗಂಡ, ಪುಟ್ಟ ಮಗನ ಜೊತೆ ಇದ್ದವಳು. ಖಿನ್ನತೆಯಿಂದ ಸಂಸಾರ ಮುರಿಯುತ್ತದೆ, ಮಗ ಕೈ ತಪ್ಪುತ್ತಾನೆ, ಅವಳು ಜೇಜುಗೆ ವಾಪಸು ಬರುತ್ತಾಳೆ. ದೊಂಗ್‌ಸೊಕ್ (ಲೀ ಬ್ಯುಂಗ್ ಹನ್) ಟ್ರಕ್ಕಿನಲ್ಲಿ ಬಟ್ಟೆ ಬರೆ, ಸಾಮಾನು ಹಾಕಿಕೊಂಡು ಊರೂರು ಸುತ್ತುವ ವ್ಯಾಪಾರಿ. ಅವಳ ಹಳೆಯ ಗೆಳೆಯ. ಅವನ ತಾಯಿ ಓಕ್‌ದೊಂಗ್. ಕಿಮ್ ಹೇಜಾ ಮಾಡಿದ್ದಾರೆ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿ. ತಾಯಿ ಮಗ ಮಾತಾಡುವುದಿಲ್ಲ.

ಎಲ್ಲರೂ ಸೊನಾ ಬಗ್ಗೆಯೇ ಬರೆಯುತ್ತಾರೆ. ಸರಿ, ಅವಳಿಗೆ ಡಿಪ್ರೆಶನ್ ಅಂತ ಕಥೆಯೇ ಹೇಳುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಓಕ್‌ದೊಂಗ್. ಗಂಡ ಸಮುದ್ರದಲ್ಲಿ ಸತ್ತ. ಮಗಳೂ ಸಮುದ್ರದಲ್ಲೇ ಸತ್ತಳು. ಆಮೇಲೆ ಮಗನನ್ನು ಕರೆದುಕೊಂಡು ಗಂಡನ ಗೆಳೆಯನ ಮನೆ ಸೇರಿದಳು, ಅವನ ಎರಡನೆಯವಳಾಗಿ. ಆ ಮನೆಯ ಹುಡುಗರು ತನ್ನ ಮಗನಿಗೆ ಹೊಡೆಯುವುದನ್ನು ಸುಮ್ಮನೆ ನಿಂತು ನೋಡಿದಳು. ಅಳಲಿಲ್ಲ, ಬಿಡಿಸಲಿಲ್ಲ. ಊರಿನವರೆಲ್ಲ "ಅವಳು ಹಾಗೇನೇ" ಅಂತ ಒಪ್ಪಿಕೊಂಡುಬಿಟ್ಟಿದ್ದಾರೆ.

ಮಗುವನ್ನು ಕಳೆದುಕೊಂಡ ಸೊನಾಗೆ ದೊಂಗ್‌ಸೊಕ್ ಒಂದು ಮಾತು ಹೇಳುತ್ತಾನೆ. ದುಃಖಪಡಬೇಡ ಅಂತಿಲ್ಲ, ನಮ್ಮಮ್ಮನ ಥರ ಬರೀ ದುಃಖದಲ್ಲೇ ಇರಬೇಡ, ಅಳು, ಆಮೇಲೆ ಊಟ ಮಾಡು, ನಿದ್ದೆ ಮಾಡು, ಚೂರು ನಗು. ಇದರಲ್ಲಿ "ನಮ್ಮಮ್ಮನ ಥರ" ಅನ್ನುವುದನ್ನು ಗಮನಿಸಿದ್ರಾ? ಅವನಿಗೆ ಗೊತ್ತಿದೆ! ತಾಯಿಗೂ ಇದೇ ಕಾಯಿಲೆ ಅಂತ ಅವನೊಳಗೆ ಎಲ್ಲೋ ಗೊತ್ತಿದೆ. ಆದರೂ ಗೆಳತಿಗೆ ಕೊಟ್ಟ ತಾಳ್ಮೆಯಲ್ಲಿ ಒಂದು ಪಾಲು ಕೂಡ ತಾಯಿಗೆ ಕೊಡುವುದಿಲ್ಲ. ಯಾಕೆ?

ನಿಮಗೇನನಿಸಿತು ಹೇಳಿ. ನನಗೆ ಇದನ್ನು ಮಾತಾಡಲು ಮನೆಯಲ್ಲಿ ಯಾರೂ ಇಲ್ಲ.

ತಿಂಡಿಪೋತಿ | ಶನಿವಾರ ರಾತ್ರಿ 10:41

ಅಕ್ಕ, ಕೊನೆಯ ಎಪಿಸೋಡ್ ನೋಡಿ ಮಾರನೇ ದಿನ ನಾನು ಕೆಲಸಕ್ಕೆ ರಜೆ ಹಾಕಿದ್ದೆ. ನಿಜವಾಗಲೂ. ಅಜ್ಜಿ ಬಗ್ಗೆ ಹೀಗೆ ಯೋಚಿಸಿರಲಿಲ್ಲ. ಮತ್ತೆ ನೋಡಿಕೊಂಡು ಬಂದು ಬರೆಯುತ್ತೇನೆ.

ಹೆಸರು ಬೇಡ | ಶನಿವಾರ ರಾತ್ರಿ 11:15

ನಾನು ಸೊನಾ ಕಡೆಯವಳು. ಮೂರು ವರ್ಷ ಮಾತ್ರೆ ತೆಗೆದುಕೊಂಡಿದ್ದೇನೆ. ಅದಕ್ಕೇ ಮೊದಲು ಅವಳ ಬಗ್ಗೆ ಹೇಳಲೇಬೇಕು.

ಡಿಪ್ರೆಶನ್ ಅಂದರೆ ಸಿನಿಮಾದವರು ಅಳಿಸುತ್ತಾರೆ. ಇಲ್ಲಿ ನೆನೆಸಿದ್ದಾರೆ. ಸೊನಾ ಮನೆಯೊಳಗೆ ಒಣಗಿದ ಹಾಸಿಗೆಯಲ್ಲೇ ಇದ್ದಾಳೆ, ಆದರೆ ಅವಳ ಕಣ್ಣಿಗೆ ತನ್ನ ಮೈ, ಕೂದಲು, ಬಟ್ಟೆ ಎಲ್ಲ ತೊಯ್ದು ನೀರು ಸುರಿಯುತ್ತಿರುತ್ತದೆ. ಕಿಟಕಿಯಾಚೆ ನೋಡಿದರೆ ಊರಿನ ದೀಪಗಳು ಆರಿಹೋಗುತ್ತವೆ. ಅದನ್ನು ನೋಡಿದಾಗ ನಾನು ಟಿವಿ ನಿಲ್ಲಿಸಿ ಅಮ್ಮನನ್ನು ಕರೆದೆ. "ನೋಡಮ್ಮ, ನಾನು ಹೇಳಲು ಆಗದೇ ಇದ್ದದ್ದು ಇದು" ಅಂದೆ. ನೆನೆದ ಕಂಬಳಿ ಹೊದ್ದುಕೊಂಡು ಏಳು ಅಂದರೆ ಹೇಗೆ ಏಳುವುದು? ನನಗೆ ತಲೆ ಬಾಚಿಕೊಳ್ಳುವುದು ಒಂದು ಇಡೀ ದಿನದ ಕೆಲಸವಾಗಿತ್ತು. ಸೋಮಾರಿತನ ಅಂತ ಅಂದುಕೊಂಡವರು ಎಷ್ಟೋ ಜನ.

ಇನ್ನೊಂದು ಮಾತು ತುಂಬಾ ಓಡಾಡಿತು. ಬದುಕು ಉಸಿರುಗಟ್ಟಿದಾಗ ಹಿಂದೆ ತಿರುಗಿ ನೋಡು, ಬೆನ್ನು ತಿರುಗಿಸಿದರೆ ಬೇರೆಯೇ ಲೋಕ ಇದೆ ಅಂತ ದೊಂಗ್‌ಸೊಕ್ ಹೇಳುವುದು. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂತು. ಹೇಳುವುದು ಸುಲಭ ಅನಿಸಿತು. ಎರಡನೇ ಸಲ ನೋಡಿದಾಗ ಅರ್ಥವಾದದ್ದು ಬೇರೆ. ಅವನು ಅವಳಿಗೆ ಖುಷಿಯಾಗಿರು ಅಂತ ಹೇಳುತ್ತಿಲ್ಲ, ಕತ್ತು ತಿರುಗಿಸು ಅಂತಿದ್ದಾನೆ. ಕತ್ತು ತಿರುಗಿಸುವುದು ಆಗುವ ಕೆಲಸ. ನನ್ನ ಡಾಕ್ಟರ್ ಕೂಡ ಇಂಥದ್ದನ್ನೇ ಹೇಳುತ್ತಿದ್ದರು. ಇವತ್ತು ಬಾಗಿಲವರೆಗೆ ಹೋಗಿ ಬಾ. ಅಷ್ಟೇ.

ಅಜ್ಜಿ ವಿಷಯ ನಾಳೆ ಬರೆಯುತ್ತೇನೆ. ಈಗ ಮಲಗಬೇಕು. ನಿದ್ದೆ ನನಗೆ ಔಷಧಿಯಷ್ಟೇ ಮುಖ್ಯ.

ಸಂಜೆ ವಾಕಿಂಗ್ | ಭಾನುವಾರ ಬೆಳಿಗ್ಗೆ 6:50

ನನಗೆ 64 ವರ್ಷ. ಮಗಳು ಹಾಕಿಕೊಟ್ಟಳು, ನಾನೂ ನನ್ನ ಹೆಂಡತಿಯೂ ಜೊತೆಗೆ ಕೂತು ನೋಡಿದೆವು. ಹೆಂಡತಿಗೆ ಹನ್ನೊಂದು ವರ್ಷದ ಹಿಂದೆ ಖಿನ್ನತೆ ಆಗಿತ್ತು.

ನಾನು ಸೊನಾಳ ಗಂಡನ ಪರವಾಗಿ ಎರಡು ಮಾತು ಹೇಳಬೇಕು. ತೇಹುನ್ ಅಂತ ಅವನ ಹೆಸರು. ಬಹಳ ಜನ ಅವನನ್ನು ಬೈದಿದ್ದಾರೆ. ಅವನು ಕೆಟ್ಟವನಲ್ಲ. ಅವನು ದಣಿದವನು. ಆಫೀಸಿನಿಂದ ಮನೆಗೆ ಬಂದರೆ ಹೆಂಡತಿ ಬೆಳಿಗ್ಗೆ ಮಲಗಿದ್ದಲ್ಲೇ ಇದ್ದಾಳೆ, ಮಗು ಹಸಿದಿದೆ. ಒಂದು ದಿನ ಸಹಿಸಬಹುದು, ಒಂದು ತಿಂಗಳು ಸಹಿಸಬಹುದು. ಆಮೇಲೆ ಬಾಯಿಂದ ಏನೋ ಬಂದುಬಿಡುತ್ತದೆ. ನನ್ನ ಬಾಯಿಂದಲೂ ಬಂದಿದೆ. "ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊ" ಅಂತ ನಾನು ಅವಳಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಒಳ್ಳೆಯ ಮಾತು ಅಂದುಕೊಂಡೇ ಹೇಳುತ್ತಿದ್ದೆ.

ಅವಳ ಮಾತ್ರೆಗಳನ್ನು ನೆಂಟರ ಮುಂದೆ ಬಿ ಕಾಂಪ್ಲೆಕ್ಸ್ ಅಂತ ಹೇಳುತ್ತಿದ್ದೆವು. ಈ ಧಾರಾವಾಹಿ ಮುಗಿದ ರಾತ್ರಿ ಹೆಂಡತಿ ಹೇಳಿದಳು, "ಆ ಸುಳ್ಳು ನನಗೆ ಕಾಯಿಲೆಗಿಂತ ಜಾಸ್ತಿ ನೋವು ಕೊಡುತ್ತಿತ್ತು." ಹನ್ನೊಂದು ವರ್ಷ ಆದಮೇಲೆ ನನಗೆ ಅದು ಗೊತ್ತಾಯಿತು.

ಮಲೆನಾಡ ಮಳೆ | ಭಾನುವಾರ ಬೆಳಿಗ್ಗೆ 7:30

ಸರ್, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ತಂಗಿ ವಿಷಯದಲ್ಲಿ ನಾನೂ ತೇಹುನ್ ಆಗಿದ್ದೆ. ಅವಳು ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಊಟ ಮಾಡಿದಳು ಅಂತ ಲೆಕ್ಕ ಇಡುತ್ತಿದ್ದೆ. ಅವಳಿಗೆ ಅದು ಪೊಲೀಸರ ಥರ ಕಾಣುತ್ತಿತ್ತಂತೆ.

ಒಂದು ಪ್ರಶ್ನೆ. ಮಗುವನ್ನು ಗಂಡನಿಗೆ ಕೊಟ್ಟ ಕೋರ್ಟಿನ ತೀರ್ಪು ಸರಿಯಾ? ನನಗೆ ಇನ್ನೂ ಗೊತ್ತಾಗುತ್ತಿಲ್ಲ.

ಹೆಸರು ಬೇಡ | ಭಾನುವಾರ ಬೆಳಿಗ್ಗೆ 9:05

ತೀರ್ಪು ನ್ಯಾಯವಾಗಿರಬಹುದು ಅಕ್ಕ. ಆ ದಿನಕ್ಕೆ ಮಗುವಿಗೆ ಅದೇ ಸರಿ ಇರಬಹುದು. ಆದರೆ ಕಾಯಿಲೆ ಅಂದ ಕೂಡಲೇ ಕೆಟ್ಟ ತಾಯಿ ಅನ್ನುವ ಭಾವನೆ ಬರುತ್ತದಲ್ಲ, ಅದು ಚುಚ್ಚುತ್ತದೆ. ಸೊನಾ ಮಗನಿಗೆ ಕುದುರೆ ಇಷ್ಟ ಅಂತ ದೊಂಗ್‌ಸೊಕ್ ಕೈಲಿ ಕುದುರೆ ಸವಾರಿ ಮಾಡಿಸಿ ವಿಡಿಯೊ ತೆಗೆಯುತ್ತಾಳೆ. ಹಾಸಿಗೆಯಿಂದ ಏಳಲಾಗದವಳು ಮಗನಿಗೋಸ್ಕರ ಎದ್ದು ಅಷ್ಟು ದೂರ ಹೋಗುತ್ತಾಳೆ. ಪ್ರೀತಿ ಇಲ್ಲದವಳು ಹಾಗೆ ಮಾಡ್ತಾಳಾ?

ಕಾಫಿ ತೋಟ | ಭಾನುವಾರ ಬೆಳಿಗ್ಗೆ 10:12

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಓಕ್‌ದೊಂಗ್‌ಗೆ ಡಿಪ್ರೆಶನ್ ಅಂತ ಹೆಸರಿಡುವುದು ನನಗೆ ಇಷ್ಟವಾಗಲಿಲ್ಲ. ಅವಳಿಗೆ ಆದದ್ದು ಕಾಯಿಲೆಯಲ್ಲ, ಅನ್ಯಾಯ. ಆ ಕಾಲದಲ್ಲಿ, ಆ ದ್ವೀಪದಲ್ಲಿ, ಓದು ಬರಹ ಇಲ್ಲದ, ಗಂಡ ಸತ್ತ ಹೆಂಗಸಿಗೆ ಯಾವ ದಾರಿ ಇತ್ತು? ಮಗ ಮೂರು ಹೊತ್ತು ಉಣ್ಣಬೇಕು, ಶಾಲೆಗೆ ಹೋಗಬೇಕು. ಅದಕ್ಕೇ ಇನ್ನೊಬ್ಬರ ಮನೆ ಸೇರಿದಳು. ಅಲ್ಲಿ ಹಾಸಿಗೆ ಹಿಡಿದ ಹಿರಿಯ ಹೆಂಡತಿಯ ಸೇವೆ ಮಾಡಿದಳು. ಬಾಯಿ ಬಿಟ್ಟರೆ ಮಗನ ಸಮೇತ ಬೀದಿಗೆ. ಮೌನ ಅವಳಿಗೆ ಬದುಕುವ ದಾರಿಯಾಗಿತ್ತು. ಈಗ ನಾವು ಸೋಫಾ ಮೇಲೆ ಕೂತು ಅದಕ್ಕೆ ಒಂದು ಮೆಡಿಕಲ್ ಹೆಸರು ಕೊಟ್ಟರೆ, ಅವಳಿಗೆ ಅನ್ಯಾಯ ಮಾಡಿದವರೆಲ್ಲ ಪಾರಾಗಿಬಿಡುತ್ತಾರೆ. ನಮ್ಮ ತೋಟದ ಲೈನ್ ಮನೆಗಳಲ್ಲಿ ಇಂಥ ಹೆಂಗಸರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರಿಗೆ ಮಾತ್ರೆಗಿಂತ ಮೊದಲು ಕೂಲಿ ಬೇಕು, ಸೂರು ಬೇಕು.

ಬಿಸಿಲೂರು ನರ್ಸ್ | ಭಾನುವಾರ ಮಧ್ಯಾಹ್ನ 1:40

ಡ್ಯೂಟಿ ಮುಗಿಸಿ ಈಗ ನೋಡಿದೆ. ನಾನು ಬಳ್ಳಾರಿ ಕಡೆಯವಳು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ಕೆಲವು ವರ್ಷ ಮಾನಸಿಕ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ.

ಕಾಫಿ ತೋಟ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ನಾನು ಒಪ್ಪುತ್ತೇನೆ. ಟಿವಿ ನೋಡಿ ಯಾರಿಗೂ ರೋಗ ಅಂತ ಹೇಳಬಾರದು. ದುಃಖವೆಲ್ಲ ಡಿಪ್ರೆಶನ್ ಅಲ್ಲ. ಯಾರಾದರೂ ತೀರಿಕೊಂಡರೆ ಅಳು ಬರುತ್ತದೆ, ಊಟ ಸೇರುವುದಿಲ್ಲ, ಅದು ಸಹಜ. ಎರಡು ವಾರಕ್ಕಿಂತ ಜಾಸ್ತಿ ದಿನ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಹಸಿವು ಕೆಡುವುದು, ನಾನು ಯಾರಿಗೂ ಬೇಡ ಅನಿಸುವುದು, ಇವೆಲ್ಲ ಸೇರಿದಾಗ ಡಾಕ್ಟರ್ ಯೋಚಿಸುತ್ತಾರೆ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸಣ್ಣಗೆ ಉರಿಯುವ ಖಿನ್ನತೆಯೂ ಇದೆ. ಅದು ಬಂದವರು ಕೆಲಸ ಮಾಡುತ್ತಲೇ ಇರುತ್ತಾರೆ. ಅಡುಗೆ ಮಾಡುತ್ತಾರೆ, ಸಂತೆಗೆ ಹೋಗುತ್ತಾರೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. "ಅವರ ಸ್ವಭಾವವೇ ಹಾಗೆ" ಅಂತ ಮನೆಯವರು ಬಿಟ್ಟುಬಿಡುತ್ತಾರೆ.

ಒಪ್ಪದ ಅರ್ಧ ಯಾವುದೆಂದರೆ, ಅನ್ಯಾಯ ಆಗಿದೆ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಾಗುವುದಿಲ್ಲ. ಎರಡೂ ಒಟ್ಟಿಗೆ ಇರುತ್ತವೆ. ಕಲ್ಲು ಬಿದ್ದು ಕಾಲು ಮುರಿದರೆ ಕಲ್ಲು ಎಸೆದವನನ್ನೂ ಹಿಡಿಯಬೇಕು, ಕಾಲಿಗೂ ಕಟ್ಟು ಹಾಕಬೇಕು ಅಲ್ವಾ? ನಮ್ಮ ಹತ್ತಿರ ಬರುವ ವಯಸ್ಸಾದ ಹೆಂಗಸರು ಮನಸ್ಸಿಗೆ ಬೇಜಾರು ಅಂತ ಬಾಯಿ ಬಿಟ್ಟು ಹೇಳುವುದು ಕಡಿಮೆ. ಮೈ ಕೈ ನೋವು, ಎದೆ ಭಾರ, ತಲೆ ಜುಮ್ ಅನ್ನುತ್ತದೆ, ಊಟ ಸಪ್ಪೆ, ಇದನ್ನೇ ಹೇಳುತ್ತಾರೆ. ಹತ್ತು ಪರೀಕ್ಷೆ ಮಾಡಿಸಿ, ಎಲ್ಲ ನಾರ್ಮಲ್ ಅಂದ ಮೇಲೆ ನಮ್ಮ ವಿಭಾಗಕ್ಕೆ ಬರುತ್ತಾರೆ. ಆಗಲೂ ಮಗನೋ ಸೊಸೆಯೋ ಹೊರಗೆ ಹೋದ ಮೇಲೆಯೇ ಬಾಯಿ ಬಿಡುವುದು.

ಹಳ್ಳಿಯವರಿಗೆ ಇದಕ್ಕೆ ಚಿಕಿತ್ಸೆ ಯಾಕೆ ಅನ್ನುವವರಿಗೆ ಒಂದು ಮಾತು. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಟ್ಟು ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು, ಆಮೇಲೆ ದೇಶದ ಬೇರೆ ಜಿಲ್ಲೆಗಳಿಗೂ ಹರಡಿತು. ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಕಾಫಿ ತೋಟ | ಭಾನುವಾರ ಮಧ್ಯಾಹ್ನ 2:25

ಕಲ್ಲು, ಕಾಲು ಎರಡೂ ಅನ್ನುವುದು ಒಪ್ಪುತ್ತೇನೆ ಮೇಡಂ. ಕಲ್ಲನ್ನು ಮರೆಯಬಾರದು ಅನ್ನುವುದಷ್ಟೇ ನನ್ನ ಹಟ.

ಸುವೊನ್ ಕನ್ನಡತಿ | ಭಾನುವಾರ ಸಂಜೆ 5:10

ನಾನು ಕೊರಿಯಾದಲ್ಲಿ ಆರು ವರ್ಷದಿಂದ ಇದ್ದೇನೆ. ಕೊರಿಯನ್ ಅಷ್ಟಿಷ್ಟು ಅರ್ಥವಾಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಕಳೆದುಹೋದ ಒಂದು ವಿಷಯ ಹೇಳುತ್ತೇನೆ, ಕನ್ನಡದವರಿಗೆ ತಕ್ಷಣ ಹೊಳೆಯುತ್ತದೆ.

ಆ ಮನೆ ಸೇರಿದ ದಿನ ಓಕ್‌ದೊಂಗ್ ಮಗನಿಗೆ ಹೇಳುತ್ತಾಳೆ, ಇನ್ನು ಮೇಲೆ ನನ್ನನ್ನು "ಚಾಗುನ್ ಒಮ್ಮಾ" ಅಂತ ಕರೆ ಅಂತ. ಚಾಗುನ್ ಅಂದರೆ ಚಿಕ್ಕ, ಒಮ್ಮಾ ಅಂದರೆ ಅಮ್ಮ. ಚಿಕ್ಕಮ್ಮ! ಹೆತ್ತ ತಾಯಿಯೇ ಮಗನಿಗೆ ನನ್ನನ್ನು ಚಿಕ್ಕಮ್ಮ ಅನ್ನು ಅಂತಾಳೆ, ಯಾಕೆಂದರೆ ಆ ಮನೆಯಲ್ಲಿ ದೊಡ್ಡವಳು ಇನ್ನೊಬ್ಬಳು ಇದ್ದಾಳೆ. ಹುಡುಗ ಒಪ್ಪದಿದ್ದಾಗ ಕೆನ್ನೆಗೆ ಹೊಡೆಯುತ್ತಾಳೆ. ಮಲೆನಾಡ ಮಳೆ ಅವರು ಯಾಕೆ ತಾಯಿಗೆ ತಾಳ್ಮೆ ಇಲ್ಲ ಅಂತ ಕೇಳಿದಿರಲ್ಲ, ನನಗೆ ಅನಿಸುವ ಉತ್ತರ ಇದು. ಸೊನಾ ಕಾಯಿಲೆ ಅವನಿಗೆ ಗಾಯ ಮಾಡಿಲ್ಲ. ಅಮ್ಮನ ಕಾಯಿಲೆ ಅವನ ಅಮ್ಮನನ್ನೇ ಕಿತ್ತುಕೊಂಡಿತು.

ಇನ್ನು ಹೆಸರುಗಳ ವಿಷಯ. ಇಲ್ಲಿ ಹ್ವಾಬ್ಯೊಂಗ್ ಅಂತ ಒಂದು ಮಾತಿದೆ. ಬೆಂಕಿ ಕಾಯಿಲೆ. ವರ್ಷಗಟ್ಟಲೆ ಸಿಟ್ಟು, ಅವಮಾನ ನುಂಗಿಕೊಂಡವರಿಗೆ ಎದೆಯಲ್ಲಿ ಗಂಟು ಕಟ್ಟಿದ ಹಾಗೆ, ಮೈಯೊಳಗೆ ಉರಿ ಎದ್ದ ಹಾಗೆ ಆಗುವುದು. ನಡು ವಯಸ್ಸು ದಾಟಿದ ಹೆಂಗಸರ ಬಾಯಲ್ಲಿ ಈ ಮಾತು ಸಾಮಾನ್ಯ. ಓಕ್‌ದೊಂಗ್ ವಯಸ್ಸಿನವರಿಗೆ ಡಿಪ್ರೆಶನ್ ಅನ್ನುವ ಪದಕ್ಕಿಂತ ಇದು ಹತ್ತಿರ. ಈಗಿನವರು ಡಿಪ್ರೆಶನ್ನಿಗೆ ಮನಸ್ಸಿನ ನೆಗಡಿ ಅಂತಲೂ ಅನ್ನುತ್ತಾರೆ. ನೆಗಡಿಯಷ್ಟು ಸಾಮಾನ್ಯ, ನಾಚಿಕೆ ಬೇಡ ಅನ್ನುವ ಅರ್ಥದಲ್ಲಿ.

2011ರಲ್ಲಿ ಇಲ್ಲಿ ಆಸ್ಪತ್ರೆಗಳ ಸೈಕಿಯಾಟ್ರಿ ವಿಭಾಗದ ಹೆಸರನ್ನೇ ಬದಲಾಯಿಸಿದರು. ಮೊದಲಿನ ಹೆಸರು ಕೇಳಿದರೆ ಜನ ಹೆದರುತ್ತಿದ್ದರು. ಈಗ ಅದು ಮಾನಸಿಕ ಆರೋಗ್ಯ ವಿಭಾಗ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಮುಂಚೆ ಮನಸ್ಸು ಸೀಳಿದ ರೋಗ ಅನ್ನುವ ಅರ್ಥದ ಹೆಸರಿತ್ತು. ಅದನ್ನೂ ಅದೇ ಹೊತ್ತಿಗೆ ತೆಗೆದು ಚೊಹ್ಯೊನ್ ಅಂತ ಇಟ್ಟರು. ಚೊಹ್ಯೊನ್ ಅಂದರೆ ವಾದ್ಯದ ತಂತಿಯನ್ನು ಶ್ರುತಿ ಮಾಡುವುದು. ಶ್ರುತಿ ತಪ್ಪಿದೆ, ಸರಿ ಮಾಡಬಹುದು ಅಂತ. ವೀಣೆ ಕಲಿತ ನನಗೆ ಇದನ್ನು ತಿಳಿದ ದಿನ ಎಷ್ಟು ಖುಷಿಯಾಯಿತು ಗೊತ್ತಾ!

ಹೆಸರು ಬದಲಾದರೂ ಕಷ್ಟ ಪೂರ್ತಿ ಹೋಗಿಲ್ಲ. ಶ್ರೀಮಂತ ದೇಶಗಳ ಪಟ್ಟಿಯಲ್ಲಿ ಆತ್ಮಹತ್ಯೆ ಪ್ರಮಾಣ ವರ್ಷಗಳಿಂದ ಇಲ್ಲೇ ಅತಿ ಹೆಚ್ಚು. ನಮ್ಮ ಬಿಲ್ಡಿಂಗಿನ ಅಜ್ಜಿಯರು ಈಗಲೂ ಆ ವಿಭಾಗಕ್ಕೆ ಹೋಗುವಾಗ ಯಾರಿಗೂ ಹೇಳುವುದಿಲ್ಲ.

ತಿಂಡಿಪೋತಿ | ಭಾನುವಾರ ಸಂಜೆ 5:32

ಚಿಕ್ಕಮ್ಮ!! ಅಯ್ಯೋ. ಮೈ ಜುಂ ಅಂತು ಅಕ್ಕ.

ಮಲ್ಪೆ ಬೋಟು | ಭಾನುವಾರ ರಾತ್ರಿ 8:15

ನಮ್ಮ ಮನೆ ಮೀನಿನ ವ್ಯಾಪಾರದ್ದು. ಹರಾಜಿನ ದೃಶ್ಯ, ಐಸ್ ಪೆಟ್ಟಿಗೆ, ಮೀನು ಮಾರುವ ಉನ್‌ಹಿ ಮೀನಿನ ತಲೆ ಕಡಿಯುವ ಕೈ ವೇಗ, ಎಲ್ಲವೂ ನಮ್ಮ ದಕ್ಕೆಯಲ್ಲಿ ನೋಡಿದ ಹಾಗಿತ್ತು.

ಹೇನ್ಯೊಗಳ ಬಗ್ಗೆ ಯಾರೂ ಹೇಳಲಿಲ್ಲ. ಆಕ್ಸಿಜನ್ ಸಿಲಿಂಡರ್ ಇಲ್ಲದೆ, ಬರೀ ಉಸಿರು ಕಟ್ಟಿ ಸಮುದ್ರದ ತಳಕ್ಕೆ ಹೋಗಿ ಶಂಖ, ಚಿಪ್ಪು, ಸಮುದ್ರದ ಪಾಚಿ ತರುವ ಹೆಂಗಸರು. ಮೇಲೆ ಬಂದಾಗ ತಡೆದ ಉಸಿರನ್ನು ಶಿಳ್ಳೆಯ ಹಾಗೆ ಬಿಡುತ್ತಾರೆ. ಅದಕ್ಕೆ ಸುಂಬಿಸೊರಿ ಅನ್ನುತ್ತಾರೆ. 2016ರಲ್ಲಿ ಯುನೆಸ್ಕೊ ಇವರ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಇವರಲ್ಲಿ ಒಂದು ಕಟ್ಟಳೆ ಇದೆ. ಒಬ್ಬಳೇ ದೂರ ಹೋಗಬಾರದು, ನಿನ್ನ ಉಸಿರಿಗಿಂತ ಜಾಸ್ತಿ ಆಸೆ ಪಡಬಾರದು. ಕಥೆಯಲ್ಲಿ ಯೊಂಗೊಕ್ ಅನ್ನುವ ಕಿರಿಯ ಹೇನ್ಯೊ ಈ ಮಾತು ಮೀರಿದಾಗ ಹಿರಿಯರು ಎಷ್ಟು ಸಿಟ್ಟಾಗುತ್ತಾರೆ ನೋಡಿ. ಸಮುದ್ರಕ್ಕೆ ಬಿದ್ದ ಸೊನಾಳನ್ನು ಹುಡುಕಿ ಎತ್ತಿ ತಂದವರೂ ಇದೇ ಹೇನ್ಯೊಗಳು. ಸೊನಾಳ ಅಪ್ಪ ಕಾರು ಸಮೇತ ಹೋದದ್ದೂ ಅದೇ ಸಮುದ್ರಕ್ಕೆ. ಅದೇ ನೀರಿನಲ್ಲೇ ಅವರು ಅನ್ನವನ್ನೂ ದುಡಿಯುತ್ತಾರೆ. ನಮ್ಮಲ್ಲೂ ಅಷ್ಟೇ. ಅಣ್ಣ ಬೋಟಿಗೆ ಹೋದ ರಾತ್ರಿ ಅಮ್ಮ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ.

ಜೇಜುವಿನಲ್ಲಿ ಹಿರಿಯರನ್ನೆಲ್ಲ, ಗಂಡಸಿರಲಿ ಹೆಂಗಸಿರಲಿ, ಸಂಚೂನ್ ಅಂತಲೇ ಕರೆಯುತ್ತಾರೆ. ಮಾಮ ಅಂದ ಹಾಗೆ. ಇಡೀ ಊರೇ ನೆಂಟರು. ಆದರೂ ಓಕ್‌ದೊಂಗ್ ಒಬ್ಬಂಟಿ. ಅದು ಹೇಗೆ ಅಂತ ಯೋಚಿಸುತ್ತಿದ್ದೇನೆ.

ಸುವೊನ್ ಕನ್ನಡತಿ | ಭಾನುವಾರ ರಾತ್ರಿ 8:50

ಪೂರ್ತಿ ಒಬ್ಬಂಟಿ ಅಲ್ಲ, ಚುನ್‌ಹಿ ಇದ್ದಾಳಲ್ಲ! ಹಿರಿಯ ಹೇನ್ಯೊ. ಗಂಡ, ಮೂವರು ಗಂಡುಮಕ್ಕಳನ್ನು ಕಳೆದುಕೊಂಡವಳು. ಆ ಪಾತ್ರ ಮಾಡಿದ ಕೊ ದುಶಿಮ್ ಜೇಜುವಿನಲ್ಲೇ ಹುಟ್ಟಿದವರು. ಅವರೂ ಕಿಮ್ ಹೇಜಾ ಅವರೂ 'ಚೊನ್ವೊನ್ ಇಲ್ಗಿ' ಅನ್ನುವ ಹಳ್ಳಿ ಧಾರಾವಾಹಿಯಲ್ಲಿ 1980ರಿಂದ 2002ರವರೆಗೆ ಅತ್ತೆ ಸೊಸೆ. ಕೊರಿಯಾದ ಹಿರಿಯರಿಗೆ ಇವರಿಬ್ಬರೂ ಮನೆಯವರಿದ್ದ ಹಾಗೆ. ಅದಕ್ಕೇ ಇಬ್ಬರೂ ಮಾತಿಲ್ಲದೆ ಅಕ್ಕಪಕ್ಕ ಕೂತರೂ ಸಾಕು, ಎಷ್ಟೋ ಹೇಳಿದ ಹಾಗಾಗುತ್ತದೆ.

ಜೇಜು ಭಾಷೆಯ ಮಾತು ಬಂದಾಗ ಕೊರಿಯನ್ ಟಿವಿಯಲ್ಲೇ ಕೆಳಗೆ ಕೊರಿಯನ್ ಅಕ್ಷರದಲ್ಲಿ ಅರ್ಥ ಹಾಕುತ್ತಿದ್ದರು. ಸೋಲ್‌ನವರಿಗೂ ತಿಳಿಯುವುದಿಲ್ಲ. ಯುನೆಸ್ಕೊ ಅದನ್ನು ಅಳಿವಿನ ಅಂಚಿನ ಭಾಷೆ ಅಂತ ಗುರುತಿಸಿದೆ.

ಓದುವ ಹುಚ್ಚು | ಸೋಮವಾರ ಬೆಳಿಗ್ಗೆ 8:05

ನನಗೊಂದು ತಕರಾರಿದೆ. ಈ ಕಥೆಯಲ್ಲಿ ಆಸ್ಪತ್ರೆ, ಚಿಕಿತ್ಸೆಗೆ ಜಾಗ ಕಡಿಮೆ. ಊರಿಗೆ ಬಂದಳು, ಹಳೆ ಮನೆ ರಿಪೇರಿ ಮಾಡಿದಳು, ಹಳೆ ಗೆಳೆಯ ಸಿಕ್ಕ. ಇದನ್ನು ನೋಡಿದವರು ಪ್ರೀತಿ ಸಿಕ್ಕರೆ ಡಿಪ್ರೆಶನ್ ಹೋಗುತ್ತದೆ ಅಂದುಕೊಳ್ಳುವುದಿಲ್ಲವಾ? 

ಅದಕ್ಕಿಂತ 2023ರ 'ಡೈಲಿ ಡೋಸ್ ಆಫ್ ಸನ್‌ಶೈನ್' ಅನ್ನುವ ಇನ್ನೊಂದು ಕೊರಿಯನ್ ಧಾರಾವಾಹಿ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. 12 ಎಪಿಸೋಡ್. ಸೈಕಿಯಾಟ್ರಿ ವಾರ್ಡಿನಲ್ಲಿ ಕೆಲಸ ಮಾಡಿದ್ದ ನರ್ಸ್ ಒಬ್ಬರು ಬರೆದ ವೆಬ್‌ಟೂನ್, ಅಂದರೆ ಇಂಟರ್ನೆಟ್ಟಿನ ಚಿತ್ರಕಥೆ, ಅದರ ಮೂಲ. ಮಾನಸಿಕ ವಾರ್ಡಿನಲ್ಲಿ ಕಿಟಕಿಗೆ ಪರದೆ ಇರುವುದಿಲ್ಲ, ಅದಕ್ಕೇ ಅಲ್ಲಿ ಬೆಳಗು ಬೇಗ ಆಗುತ್ತದೆ ಅನ್ನುವ ಮಾತು ಅದರಲ್ಲಿ ಬರುತ್ತದೆ. ದಾಉನ್ ಅನ್ನುವ ನರ್ಸ್ ತನ್ನ ರೋಗಿಯೊಬ್ಬ ತೀರಿಕೊಂಡ ಮೇಲೆ ತಾನೇ ಖಿನ್ನತೆಗೆ ಬೀಳುತ್ತಾಳೆ. ಅವಳ ತಾಯಿಯೇ ಅವಳನ್ನು ಆಸ್ಪತ್ರೆಗೆ ಸೇರಿಸುತ್ತಾಳೆ. ಮಗಳು ನನಗೇನೂ ಆಗಿಲ್ಲ ಅಂತ ಜಗಳ ಮಾಡುತ್ತಾಳೆ. ವಾಸಿಯಾಗಿ ಕೆಲಸಕ್ಕೆ ಬಂದರೆ ರೋಗಿಗಳ ಮನೆಯವರು ಇವಳು ನಮಗೆ ಬೇಡ ಅಂತ ಗಲಾಟೆ ಮಾಡುತ್ತಾರೆ. ಅವರ ಮನೆಯಲ್ಲೂ ಅದೇ ಕಾಯಿಲೆ ಇದ್ದೂ! ಅದು ನನಗೆ ಬಹಳ ನಿಜ ಅನಿಸಿತು. ಮಾತ್ರೆ ಏನು, ಯಾಕೆ ನಿಲ್ಲಿಸಬಾರದು ಅಂತೆಲ್ಲ ಅಲ್ಲಿ ಗೊತ್ತಾಗುತ್ತದೆ.

ಬಿಸಿಲೂರು ನರ್ಸ್ | ಸೋಮವಾರ ಮಧ್ಯಾಹ್ನ 12:30

ಅದನ್ನೂ ನೋಡಿದ್ದೇನೆ. ಆ ತಾಯಿ ಬಾಗಿಲಲ್ಲಿ ನಿಂತು ಅಳುವುದನ್ನು ನಾನು ಡ್ಯೂಟಿಯಲ್ಲಿ ಎಷ್ಟು ಸಲ ಕಂಡಿದ್ದೇನೆ. ಮಕ್ಕಳನ್ನು ಸೇರಿಸಿ ಹೋಗುವ ತಂದೆ ತಾಯಿ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ನಡೆಯುತ್ತಾರೆ.

ಅದರಲ್ಲಿ ಇನ್ನೊಂದು ಕಥೆ ಇದೆ. ಕೆಲಸಕ್ಕೆ ಹೋಗುವ ಒಬ್ಬ ತಾಯಿಗೆ ಮರೆವು ಶುರುವಾಗುತ್ತದೆ. ಚಿಕ್ಕ ವಯಸ್ಸಿಗೇ ಮರೆವಿನ ಕಾಯಿಲೆ ಬಂತಾ ಅಂತ ಎಲ್ಲರೂ ಹೆದರುತ್ತಾರೆ. ಅದು ಖಿನ್ನತೆಯಿಂದ ಬಂದ ಮರೆವು. ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಇಂಥ ಮರೆವು ಸುಧಾರಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ವಯಸ್ಸಾಯಿತು ಅಂತ ಕೈಬಿಡಬೇಡಿ.

ಹೆಸರು ಬೇಡ | ಸೋಮವಾರ ಮಧ್ಯಾಹ್ನ 3:00

ಓದುವ ಹುಚ್ಚು ಅವರೇ, ಸೊನಾ ವಾಸಿಯಾದಳು ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಅದೇ ನನಗೆ ಇಷ್ಟವಾದದ್ದು. ದೊಂಗ್‌ಸೊಕ್ ಅವಳನ್ನು ವಾಸಿ ಮಾಡಲಿಲ್ಲ, ಪಕ್ಕದಲ್ಲಿದ್ದ. ಮಾತ್ರೆ ಮುಖ್ಯ, ನಾನೇ ಸಾಕ್ಷಿ. ಆದರೆ ಮಾತ್ರೆ ನುಂಗಿದ ಮೇಲೆ ಉಳಿದ 23 ಗಂಟೆ 59 ನಿಮಿಷ ಯಾರ ಜೊತೆ ಕಳೆಯುವುದು?

ಈಗ ಅಜ್ಜಿ ವಿಷಯ. ಕೊನೆಯ ಮೂರು ಎಪಿಸೋಡ್ ನಿನ್ನೆ ಮತ್ತೆ ನೋಡಿದೆ. ತಾಯಿ ಮಗ ಜೊತೆಗೆ ಪ್ರಯಾಣ ಹೊರಟ ದಾರಿಯಲ್ಲಿ ಮಗ ಕೇಳುತ್ತಾನೆ, ನನಗೆ ಮಾಡಿದ್ದಕ್ಕೆ ನಿನಗೆ ಒಂದು ಸಲವೂ ಪಶ್ಚಾತ್ತಾಪ ಆಗಲಿಲ್ಲವಾ ಅಂತ. ಅವಳು ಹೇಳುವ ಉತ್ತರದಲ್ಲಿ ತನ್ನನ್ನೇ ಹುಚ್ಚಿ ಅಂತ ಕರೆದುಕೊಳ್ಳುತ್ತಾಳೆ. ಹುಚ್ಚಿಗೆ ಅದೆಲ್ಲ ಹೇಗೆ ತಿಳಿಯುತ್ತದೆ, ಮಗಳನ್ನು ಸಮುದ್ರಕ್ಕೆ ಕೊಟ್ಟವಳು ನಾನು, ಮಕ್ಕಳು ಮೂರು ಹೊತ್ತು ಉಂಡರೆ ಸಾಕು ಅಂದುಕೊಂಡವಳು ನಾನು, ನಾನು ಸತ್ತರೆ ಅಳಬೇಡ, ಸಮುದ್ರಕ್ಕೆ ಎಸೆದುಬಿಡು ಅಂತಾಳೆ.

ಮಲೆನಾಡ ಮಳೆ ಅಕ್ಕ, ಅದು ನಾನು ನನ್ನ ಡಾಕ್ಟರ್ ಮುಂದೆ ಮೊದಲ ದಿನ ಆಡಿದ ಮಾತಿನ ಧಾಟಿ. ಎಲ್ಲ ತಪ್ಪೂ ನನ್ನದೇ, ನಾನು ಯಾರಿಗೂ ಬೇಕಾಗಿಲ್ಲ ಅನ್ನುವುದು. ನನಗೆ ಅದಕ್ಕೊಂದು ಹೆಸರು ಸಿಕ್ಕಿತು, ಡಿಪ್ರೆಶನ್ ಅಂತ. ಓಕ್‌ದೊಂಗ್‌ಗೆ ಸಿಕ್ಕಿದ್ದು ಹುಚ್ಚಿ ಅನ್ನುವ ಒಂದೇ ಪದ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಹೌದು.

ಸಂಜೆ ವಾಕಿಂಗ್ | ಸೋಮವಾರ ಸಂಜೆ 6:40

ಜೇಜುವಿನ ಹಲ್ಲಾಸಾನ್ ಬೆಟ್ಟದ ದೃಶ್ಯ ಮರೆಯಲಾಗುವುದಿಲ್ಲ. ಓಕ್‌ದೊಂಗ್‌ಗೆ ಕ್ಯಾನ್ಸರ್ ಮೈತುಂಬ ಹರಡಿದೆ. ಇಷ್ಟು ವರ್ಷ ಕಣ್ಣ ಮುಂದೆಯೇ ಇದ್ದ ಬೆಟ್ಟವನ್ನು ಆಕೆ ಒಮ್ಮೆಯೂ ಹತ್ತಿಲ್ಲ. ಹತ್ತಲು ಹೊರಡುತ್ತಾಳೆ, ಆಗುವುದಿಲ್ಲ. ಮಗ ಮೇಲಕ್ಕೆ ಹೋಗಿ ಹಿಮದಲ್ಲಿ ನಿಂತು ವಿಡಿಯೊ ಮಾಡುತ್ತಾನೆ. ಹೂವು ಬಿಟ್ಟಾಗ ಬರೋಣ, ನಾವಿಬ್ಬರೇ, ನಾನು ಕರೆದುಕೊಂಡು ಬರುತ್ತೇನೆ ಅಂತ. ಇಬ್ಬರಿಗೂ ಗೊತ್ತು ಆಗುವುದಿಲ್ಲ ಅಂತ. ಬದುಕಿನಲ್ಲಿ ಯಾವಾಗ ತುಂಬಾ ಖುಷಿಯಾಗಿದ್ದೆ ಅಂತ ಕೇಳಿದರೆ, ಈಗ, ನಿನ್ನ ಜೊತೆ ಬೆಟ್ಟಕ್ಕೆ ಬಂದ ಈಗ, ಅಂತಾಳೆ.

ನನ್ನ ಹೆಂಡತಿ ಆ ಹೊತ್ತಿಗೆ ನನ್ನ ಕೈ ಹಿಡಿದುಕೊಂಡಳು. ನಾವು ಈ ಡಿಸೆಂಬರ್‌ಗೆ ಎಲ್ಲಿಗಾದರೂ ಹೋಗಬೇಕು ಅಂತ ಮಾತಾಡಿಕೊಂಡಿದ್ದೇವೆ.

ಮಲೆನಾಡ ಮಳೆ | ಮಂಗಳವಾರ ರಾತ್ರಿ 11:30

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಈಗ ನಾನು ಈ ಚರ್ಚೆ ಯಾಕೆ ಶುರು ಮಾಡಿದೆ ಅಂತ ಹೇಳಬೇಕು.

ನಮ್ಮಪ್ಪ ಹೋಗಿ ಒಂಬತ್ತು ವರ್ಷ. ಅಮ್ಮ ಅವತ್ತಿನಿಂದ ಹಾಡು ಹೇಳುವುದು ನಿಲ್ಲಿಸಿದಳು. ಮುಂಚೆ ಹಟ್ಟಿಯಲ್ಲಿ ಹಾಲು ಕರೆಯುವಾಗಲೂ ಹಾಡುತ್ತಿದ್ದಳು. ಕೆಲಸ ಎಲ್ಲ ಮಾಡುತ್ತಾಳೆ. ದೋಸೆ ಹುಯ್ಯುತ್ತಾಳೆ, ಅಡಿಕೆ ಸುಲಿಯುತ್ತಾಳೆ, ಮದುವೆ ಮನೆಗೆ ಬರುತ್ತಾಳೆ. ನಗುವುದಿಲ್ಲ. "ಅಮ್ಮ ಈಗ ಹಾಗೇನೇ" ಅಂತ ನಾವು ಇಬ್ಬರೂ ಮಕ್ಕಳು ಅಂದುಕೊಂಡೆವು. ತಂಗಿಗೆ ಕಾಯಿಲೆ ಬಂದಾಗ ಎಂಟು ತಿಂಗಳು ರಾತ್ರಿ ಅವಳ ಪಕ್ಕದಲ್ಲಿ ಮಲಗಿದ್ದು ಅಮ್ಮ. ಅವಳು ಒಂದು ದಿನವೂ ತಂಗಿಗೆ ಏಳು ಅಂತ ಹೇಳಲಿಲ್ಲ. ಲೋಟದಲ್ಲಿ ಗಂಜಿ ಇಟ್ಟು ಸುಮ್ನೆ ಕೂತಿರುತ್ತಿದ್ದಳು. ನನಗೆ ಆಗ ಆಶ್ಚರ್ಯ ಆಗುತ್ತಿತ್ತು, ಓದಿದ ನನಗೆ ತಿಳಿಯದ್ದು ಇವಳಿಗೆ ಹೇಗೆ ತಿಳಿದಿದೆ ಅಂತ. ಈಗ ಅನಿಸುತ್ತದೆ, ಅವಳಿಗೆ ಆ ದಾರಿ ಗೊತ್ತಿತ್ತು.

ನಿನ್ನೆ ಅಮ್ಮನ ಮನೆಗೆ ಹೋದೆ. ಕೊನೆಯ ಎಪಿಸೋಡ್ ಹಾಕಿದೆ. ಅವಳಿಗೆ ಕೊರಿಯನ್ನೂ ಬರದು, ಇಂಗ್ಲಿಷೂ ಬರದು. ನಾನು ಪಕ್ಕದಲ್ಲಿ ಕೂತು ಅಷ್ಟಿಷ್ಟು ಹೇಳಿದೆ. ಓಕ್‌ದೊಂಗ್ ಬೆಳಗಿನ ಜಾವ ಎದ್ದು ಮಗನಿಗೆ ಇಷ್ಟದ ಸೋಯಾ ಸಾರು ಮಾಡಿಟ್ಟು ಮಲಗುತ್ತಾಳಲ್ಲ, ಮತ್ತೆ ಏಳುವುದಿಲ್ಲ. ಅವನು ಮನೆ ಬಿಟ್ಟ ಮೇಲೆ ಬೇರೆ ಯಾರು ಮಾಡಿದರೂ ಆ ಸಾರನ್ನು ಮುಟ್ಟದವನು. ತಾಯಿಯನ್ನು ತಬ್ಬಿಕೊಂಡು ಅಳುತ್ತಾನೆ. ಬದುಕಿಡೀ ದ್ವೇಷ ಅಂದುಕೊಂಡದ್ದು ದ್ವೇಷ ಆಗಿರಲಿಲ್ಲ, ಹೀಗೆ ತಬ್ಬಿಕೊಂಡು ಅಳುವ ಆಸೆಯಾಗಿತ್ತು ಅಂತ ಅವನಿಗೆ ಆಗ ತಿಳಿಯುತ್ತದೆ.

ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಆ ಸಾರು ಆಮೇಲೆ ಯಾರು ಉಂಡರು?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು. "ನಿಮ್ಮಪ್ಪ ಹೋದ ಮೇಲೆ ನನಗೆ ಉಪ್ಪು ಹುಳಿ ತಿಳಿಯುವುದಿಲ್ಲ. ಕೈ ಅಳತೆಯಲ್ಲಿ ಹಾಕುತ್ತೇನೆ. ನೀವು ಚೆನ್ನಾಗಿದೆ ಅಂದರೆ ಚೆನ್ನಾಗಿದೆ ಅಂದುಕೊಳ್ಳುತ್ತೇನೆ."

ಒಂಬತ್ತು ವರ್ಷ. ನಾವು ಅವಳ ಕೈ ಅಡುಗೆ ಉಂಡು ಕೈ ತೊಳೆದುಕೊಂಡು ಹೋಗಿದ್ದೇವೆ.

ತಿಂಡಿಪೋತಿ | ಮಂಗಳವಾರ ರಾತ್ರಿ 11:44

ಅಕ್ಕ... ಏನು ಬರೆಯಬೇಕೋ ಗೊತ್ತಾಗ್ತಿಲ್ಲ. ಜೊತೆಗಿದ್ದೇವೆ.

ಬಿಸಿಲೂರು ನರ್ಸ್ | ಬುಧವಾರ ಬೆಳಿಗ್ಗೆ 6:15

ಅಕ್ಕ, ಅಮ್ಮ ಇಷ್ಟು ಹೇಳಿದ್ದೇ ದೊಡ್ಡದು. ಈಗ ನೀವು ಜಾಸ್ತಿ ಪ್ರಶ್ನೆ ಕೇಳಬೇಡಿ. ಮೊದಲು ಫ್ಯಾಮಿಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಥೈರಾಯ್ಡ್, ಬಿ12, ಸಕ್ಕರೆ ನೋಡಲಿ. ರುಚಿ ತಿಳಿಯದಿರಲು ಬೇರೆ ಕಾರಣಗಳೂ ಇರಬಹುದು. ಆಮೇಲೆ ಮನಸ್ಸಿನ ಡಾಕ್ಟರ್. ಇಷ್ಟು ವರ್ಷ ಆಯಿತು, ಇನ್ನೇನು ಪ್ರಯೋಜನ ಅಂದುಕೊಳ್ಳಬೇಡಿ. ಎಪ್ಪತ್ತು ದಾಟಿದವರೂ ಚಿಕಿತ್ಸೆಯಿಂದ ಸುಧಾರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ. ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನಿಸುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ನೋಡಿಕೊಳ್ಳುವವರೂ ಫೋನ್ ಮಾಡಬಹುದು. ದಣಿದವರಿಗೂ ಅದು ಇದೆ.

ಕಾಫಿ ತೋಟ | ಬುಧವಾರ ಬೆಳಿಗ್ಗೆ 7:20

ಮಳೆ ಅವರೇ, ಮೊನ್ನೆ ನಾನು ಹಣೆಪಟ್ಟಿ ಬೇಡ ಅಂದಿದ್ದೆ. ನಿಮ್ಮ ಅಮ್ಮನ ಮಾತು ಓದಿದ ಮೇಲೆ ನನ್ನ ಅತ್ತೆಗೆ ಫೋನ್ ಮಾಡಿದೆ. ಅವರು ಒಬ್ಬರೇ ಇದ್ದಾರೆ. ಸುಮ್ಮನೆ, ಊಟ ಹೇಗೆ ಸೇರ್ತಿದೆ ಅತ್ತೆ ಅಂತ ಕೇಳಿದೆ. ಅರ್ಧ ಗಂಟೆ ಮಾತಾಡಿದರು.

ಮಲೆನಾಡ ಮಳೆ | ಶುಕ್ರವಾರ ಸಂಜೆ 7:05

ಹತ್ತಿರದ ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಆಯಿತು. ಮುಂದಿನ ವಾರ ಮನಸ್ಸಿನ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಅಮ್ಮ ಒಪ್ಪಲು ಮೂರು ದಿನ ಬೇಕಾಯಿತು. ನನಗೇನು ಹುಚ್ಚಾ ಅಂತ ಅವಳೂ ಕೇಳಿದಳು. ಆಗ ತಂಗಿ ಹೇಳಿದಳು, "ನಾನು ಹೋಗಿದ್ದೆನಲ್ಲ ಅಮ್ಮ, ನಾನು ಹುಚ್ಚಿಯಾ?"

ಅಮ್ಮನದು ಒಂದೇ ಶರತ್ತು. ಒಳಗೆ ಅವಳ ಜೊತೆ ತಂಗಿ ಬರಬೇಕು. ನಾನು ಹೊರಗೆ ಮಗು ಎತ್ತಿಕೊಂಡು ಕೂತಿರಬೇಕು.